ಪಾಪಾಸುಕಳ್ಳಿಯನ್ನು ಅಡುಗೆಮನೆಗೆ ತರುವ ಬಗೆ: ಗುರುತು ಹಿಡಿಯುವುದರಿಂದ ಬಡಿಸುವವರೆಗೆ

ಬಯಲುಸೀಮೆಯಲ್ಲಿ ಬೆಳೆದವರಿಗೆ ಪಾಪಾಸುಕಳ್ಳಿ ಹೊಸದಲ್ಲ. ಹೊಲದ ಬದುವಿನಲ್ಲಿ, ಹಾಳುಬಿದ್ದ ಕೋಟೆಯ ಮಗ್ಗುಲಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಎಲ್ಲರೂ ಅದನ್ನು ಕಂಡೇ ಇರುತ್ತಾರೆ. ಉತ್ತರ ಕರ್ನಾಟಕದ ಕಡೆ ಡಬಗಳ್ಳಿ ಅನ್ನುತ್ತಾರೆ. ದನ ಕಾಯುವ ಹುಡುಗರು ಅದರ ಹಣ್ಣು ತಿಂದು ನಾಲಿಗೆ, ತುಟಿ, ಅಂಗಿಯೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬರುತ್ತಿದ್ದರು. ಅಷ್ಟು ಬಿಟ್ಟರೆ ನಮ್ಮ ಅಡುಗೆಮನೆ ಈ ಗಿಡವನ್ನು ಒಳಗೆ ಕರೆದಿಲ್ಲ.

ಮೆಕ್ಸಿಕೊದಲ್ಲಿ ಹಾಗಲ್ಲ. ಗಿಡದ ತವರೇ ಅದು. ಅಲ್ಲಿ ಗಿಡಕ್ಕೂ ಅದರ ಎಲೆಗೂ ‘ನೊಪಾಲ್’, ಹಣ್ಣಿಗೆ ‘ತೂನಾ’ ಎನ್ನುತ್ತಾರೆ. ಮೆಕ್ಸಿಕೊ ನಗರದ ದಕ್ಷಿಣ ಅಂಚಿನ ಮಿಲ್ಪಾ ಆಲ್ಟಾದಲ್ಲಿ ಗುಡ್ಡದ ಇಳಿಜಾರುಗಳ ತುಂಬ ನೊಪಾಲ್ ತೋಟಗಳಿವೆ. ಸಂತೆಯಲ್ಲಿ ಹೆಂಗಸರು ಕೂತಲ್ಲೇ ಚಾಕುವಿನಿಂದ ಮುಳ್ಳು ಹೆರೆದು ಎಲೆಗಳನ್ನು ರಾಶಿ ಹಾಕುತ್ತಾರೆ. ಆ ದೇಶದ ಬಾವುಟದ ನಡುವೆ ಹದ್ದು ಕೂತಿರುವುದೂ ಇದೇ ಗಿಡದ ಮೇಲೆ. ಬರಡು ನೆಲದಲ್ಲಿ ಹನಿ ನೀರಿಲ್ಲದೆ ಬದುಕುವ ಗಿಡವೊಂದು ತರಕಾರಿಯನ್ನೂ ಹಣ್ಣನ್ನೂ ಎರಡನ್ನೂ ಕೊಡುತ್ತದೆ ಎಂದರೆ, ಮಳೆ ಕೈಕೊಡುವ ನಮ್ಮ ಜಿಲ್ಲೆಗಳವರು ಅದನ್ನು ಕಲಿಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯುವುದು ಕಷ್ಟವೂ ಅಲ್ಲ. ಸರಿಯಾದ ಗಿಡವನ್ನು ಗುರುತು ಹಿಡಿಯಬೇಕು, ಮುಳ್ಳು ಕಳೆಯಬೇಕು, ಎಲೆಯ ಲೋಳೆ ಇಂಗಿಸಬೇಕು, ಹಣ್ಣಿನ ಬೀಜ ಸೋಸಬೇಕು. ಈ ನಾಲ್ಕು ಕೆಲಸ ಕೈಗೆ ಹತ್ತಿದರೆ ಉಳಿದದ್ದೆಲ್ಲ ಮಾಮೂಲಿ ಅಡುಗೆ.

ಮೊದಲು ಗಿಡ ಗುರುತಿಸಿ

ಇದೊಂದು ವಿಷಯದಲ್ಲಿ ಯಾರೂ ಅವಸರ ಮಾಡಬಾರದು. ನಾವು ‘ಕಳ್ಳಿ’ ಎಂದು ಕರೆಯುವ ಗಿಡಗಳೆಲ್ಲ ಒಂದೇ ಜಾತಿಯವಲ್ಲ. ಎಲೆಗಳ್ಳಿ, ಚದುರಗಳ್ಳಿ, ಬೊಂತೆಗಳ್ಳಿ ಇವೆಲ್ಲ ಯೂಫೋರ್ಬಿಯಾ ಕುಲದವು. ಅವುಗಳ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ, ಹೊಟ್ಟೆಗಂತೂ ಸೇರಲೇಬಾರದು. ಪಾಪಾಸುಕಳ್ಳಿ ಒಪುಂಷಿಯಾ ಕುಲದ್ದು, ನಿಜವಾದ ಕ್ಯಾಕ್ಟಸ್. ಡ್ರ್ಯಾಗನ್ ಫ್ರೂಟ್‌ನ ಬಳಗ.

ಪರೀಕ್ಷೆ ಸುಲಭ. ಉದ್ದನೆಯ ಚಾಕುವಿನಿಂದ ಒಂದು ಎಲೆಯನ್ನು ಕೊಯ್ದು ನೋಡಿ. ಬಿಳಿ ಹಾಲು ಚಿಮ್ಮಿದರೆ ಅಲ್ಲಿಗೇ ಬಿಟ್ಟು ಕೈ ತೊಳೆದುಕೊಳ್ಳಿ. ಬಣ್ಣವಿಲ್ಲದ ಅಂಟು ಲೋಳೆ ಜಿನುಗಿದರೆ, ಎಲೆ ಅಂಗೈಯಂತೆ ಚಪ್ಪಟೆಯಾಗಿದ್ದು ಒಂದರ ನೆತ್ತಿಯ ಮೇಲೆ ಇನ್ನೊಂದು ಹುಟ್ಟಿದ್ದರೆ, ಹೂವು ಹಣ್ಣುಗಳು ಆ ಎಲೆಯ ಅಂಚಿನಲ್ಲೇ ಸಾಲಾಗಿ ಕೂತಿದ್ದರೆ ಅದು ಪಾಪಾಸುಕಳ್ಳಿ. ಈ ಮೂರೂ ಲಕ್ಷಣ ಒಟ್ಟಿಗೆ ಇರಬೇಕು. ಅಂದಹಾಗೆ, ಎಲೆ ಎಂದು ಕರೆಯುತ್ತೇವೆಯೇ ಹೊರತು ಅದು ನಿಜವಾಗಿ ಚಪ್ಪಟೆಯಾದ ಕಾಂಡ. ನಿಜವಾದ ಎಲೆಗಳು ಎಳೆಯ ಕಾಂಡದ ಮೇಲೆ ಅಕ್ಕಿಕಾಳಿನ ಗಾತ್ರದಲ್ಲಿ ಚೂಪಾಗಿ ಮೂಡಿ, ಬಲಿಯುತ್ತಿದ್ದಂತೆ ಉದುರಿಹೋಗುತ್ತವೆ. ಕೊಯ್ಯುವಾಗ ಈ ಗುರುತು ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಪಂಚದಾದ್ಯಂತ ತಿನ್ನಲು ಬೆಳೆಯುವುದು ಹೆಚ್ಚಾಗಿ ಒಪುಂಷಿಯಾ ಫೈಕಸ್-ಇಂಡಿಕಾ. ಹೆಸರಿನಲ್ಲಿ ಇಂಡಿಕಾ ಇದ್ದರೂ ಹುಟ್ಟು ಮೆಕ್ಸಿಕೊದ್ದು. ನಮ್ಮ ಬೇಲಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಡಿಲ್ಲೆನಿ, ಇಲೇಟಿಯರ್ ಎಂಬ ಇನ್ನೆರಡು ಬಗೆ. ಇವುಗಳ ಹಣ್ಣು ತಿನ್ನಬಹುದು, ಆದರೆ ಚಿಕ್ಕದು, ಬೀಜ ಜಾಸ್ತಿ, ಒಳಗೆ ಕಡುಕೆಂಪು. ಎಲೆಯ ಅಡುಗೆಗೆ ಮಾತ್ರ ಫೈಕಸ್-ಇಂಡಿಕಾವನ್ನೇ, ಅದರಲ್ಲೂ ಉದ್ದ ಮುಳ್ಳಿಲ್ಲದ ತಳಿಯನ್ನೇ ಹುಡುಕಿ. ರಾಜಸ್ಥಾನದ ಜೋಧಪುರದಲ್ಲಿರುವ ಒಣಭೂಮಿ ಸಂಶೋಧನಾ ಸಂಸ್ಥೆ ಕಾಜ್ರಿ ಮುಳ್ಳಿಲ್ಲದ ತಳಿಗಳ ಮೇಲೆ ಕೆಲಸ ಮಾಡಿದೆ.

ಬೇಲಿಯ ಗಿಡ ಈಗ ಕಡಿಮೆಯಾಗಿರುವುದಕ್ಕೂ ಒಂದು ಕಥೆಯಿದೆ. ಕೊಚಿನಿಯಲ್ ಎಂಬ ಹುಳು ಈ ಕಳ್ಳಿಯ ಮೇಲೆ ಬದುಕುತ್ತದೆ, ಅದನ್ನು ಅರೆದರೆ ಕಡುಕೆಂಪು ಬಣ್ಣ ಸಿಗುತ್ತದೆ. ಆ ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಹುಳು ತರಿಸಿದರು. ಬಂದದ್ದು ಬಣ್ಣಕ್ಕೆ ಬೇಕಾದ ಜಾತಿಯಲ್ಲ, ಅದರ ದಾಯಾದಿ. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಹುಳು ಒಂದು ಜಾತಿಯ ಕಳ್ಳಿಯನ್ನು ಮುಕ್ಕಿ ಮುಗಿಸಿತು. ಆಮೇಲೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಜಾತಿಯ ಕೊಚಿನಿಯಲ್ ಅನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಹೊಲಗದ್ದೆ ನುಂಗುತ್ತಿದ್ದ ಕಳ್ಳಿಯ ಪೊದೆಗಳು ಕೆಲವೇ ವರ್ಷಗಳಲ್ಲಿ ಕರಗಿದವು. ಇವತ್ತಿಗೂ ಕಳ್ಳಿಯ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ, ರಕ್ತದಂತೆ ಕೆಂಪು ಬರುತ್ತದೆ. ಅಂಥ ಎಲೆಯನ್ನು ಅಡುಗೆಗೆ ಕೊಯ್ಯಬೇಡಿ. ರಸ್ತೆಬದಿಯ, ಕಳೆನಾಶಕ ಹೊಡೆದ ಬದುವಿನ ಗಿಡವನ್ನೂ ಮುಟ್ಟಬೇಡಿ.

ಎರಡು ಬಗೆಯ ಮುಳ್ಳು

ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಕಾಟ ಕೊಡುವುದು ಅದರ ಬುಡದಲ್ಲಿ ಗುಚ್ಛವಾಗಿ ಕೂತ ಸುಂಕು. ಕೂದಲಿಗಿಂತ ತೆಳು, ಕಂದು ಅಥವಾ ಹಳದಿ ಬಣ್ಣ, ತುದಿಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಸೋಕಿದರೆ ಸಾಕು, ಬುಡ ಬಿಟ್ಟು ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ‘ಮುಳ್ಳಿಲ್ಲದ’ ತಳಿ ಎಂದು ಕೊಟ್ಟರೂ ಉದ್ದ ಮುಳ್ಳು ಮಾತ್ರ ಇರುವುದಿಲ್ಲ, ಸುಂಕು ಇದ್ದೇ ಇರುತ್ತದೆ. ಆದ್ದರಿಂದ ಯಾವ ತಳಿಯಾದರೂ ದಪ್ಪ ರಬ್ಬರ್ ಅಥವಾ ಚರ್ಮದ ಗ್ಲೌಸ್, ಉದ್ದನೆಯ ಇಕ್ಕಳ, ಕಣ್ಣಿಗೆ ಕನ್ನಡಕ ಇಟ್ಟುಕೊಳ್ಳಿ. ಬಟ್ಟೆಯ ಗ್ಲೌಸ್ ಬೇಡ, ಸುಂಕು ಅದರೊಳಗೆ ಉಳಿದು ಮುಂದಿನ ಸಲ ಚುಚ್ಚುತ್ತದೆ. ಗಾಳಿ ಬೀಸುವ ಹೊತ್ತಿನಲ್ಲಿ ಕೊಯ್ಯಬೇಡಿ; ಗಾಳಿಗೆ ಎದುರಾಗಿ ಅಂತೂ ನಿಲ್ಲಲೇಬೇಡಿ.

ಚುಚ್ಚಿದರೆ ಉಜ್ಜಬಾರದು, ಬಾಯಿಂದ ಹೀರಬಾರದು. ಬಿಸಿಲಿಗೆ ಕೈ ಓರೆಯಾಗಿ ಹಿಡಿದರೆ ಸುಂಕು ಮಿನುಗುತ್ತದೆ, ಆಗ ಚಿಮಟದಿಂದ ಒಂದೊಂದಾಗಿ ಕೀಳಿ. ಉಳಿದದ್ದಕ್ಕೆ ಮಕ್ಕಳು ಕಾಗದ ಅಂಟಿಸಲು ಬಳಸುವ ಬಿಳಿ ಗೋಂದನ್ನು ತೆಳುವಾಗಿ ಸವರಿ, ಮೇಲೆ ಗಾಜ್ ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆದು ತೆಗೆಯಿರಿ. ಕಣ್ಣಿಗೆ ಅಥವಾ ಗಂಟಲಿಗೆ ಹತ್ತಿದರೆ ಮನೆಮದ್ದು ಬೇಡ, ನೇರ ವೈದ್ಯರ ಹತ್ತಿರ ಹೋಗಿ.

ಕೊಯ್ಯುವ ಹೊತ್ತು

ಎಲೆಗೊಂದು ಹೊತ್ತು, ಹಣ್ಣಿಗೊಂದು ಹೊತ್ತು. ಈ ಗಿಡ ನೀರು ಉಳಿಸಲು ಹಗಲು ಉಸಿರುರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ. ಅದನ್ನು ಬೆಳಗಿನವರೆಗೆ ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಾಗಾಗಿ ನಸುಕಿನಲ್ಲಿ ಕೊಯ್ದ ಎಲೆ ಹುಳಿ. ಬಿಸಿಲೇರಿದಂತೆ ಹುಳಿ ಇಳಿಯುತ್ತದೆ. ಪಲ್ಯಕ್ಕೆ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಕೊಯ್ದದ್ದು ಚೆನ್ನ. ಹುಳಿ ಇಷ್ಟಪಡುವವರು ಬೇಗನೇ ಕೊಯ್ಯಲಿ.

ಎಳೆಯ ಎಲೆಯನ್ನೇ ಆರಿಸಿ: ಅಂಗೈ ಉದ್ದ, ಹೊಳೆಯುವ ತಿಳಿಹಸಿರು, ಆ ಅಕ್ಕಿಕಾಳಿನಂಥ ಚೂಪು ಎಲೆಗಳು ಇನ್ನೂ ಉದುರದೆ ನಿಂತಿರಬೇಕು. ಅವು ಉದುರಿದ್ದರೆ ನಾರು ಬಲಿಯುತ್ತಿದೆ ಎಂದರ್ಥ. ಇಕ್ಕಳದಲ್ಲಿ ಹಿಡಿದು, ಗಂಟಿನ ಸ್ವಲ್ಪ ಮೇಲೆ ಚಾಕುವಿನಿಂದ ಕೊಯ್ಯಿರಿ. ತಿರುಚಿ ಕಿತ್ತರೆ ತಾಯಿಎಲೆ ಸೀಳಿ ಕೊಳೆಯುತ್ತದೆ.

ಹಣ್ಣನ್ನು ಇಬ್ಬನಿ ಇರುವಾಗಲೇ ಕೊಯ್ಯಬೇಕು. ತೇವದಲ್ಲಿ ಸುಂಕು ಹಾರುವುದಿಲ್ಲ. ಬಣ್ಣ ತಿರುಗಿರಬೇಕು, ಹೂವು ಉದುರಿದ ನೆತ್ತಿಯ ಕುಳಿ ತುಂಬಿ ಬಹುತೇಕ ಸಮವಾಗಿರಬೇಕು, ಒತ್ತಿದರೆ ತುಸು ಮೆತ್ತಗಿರಬೇಕು. ಕೊಯ್ದ ಮೇಲೆ ಇದು ಸಿಹಿಯಾಗುವ ಹಣ್ಣಲ್ಲ, ಅದಕ್ಕೇ ಗಿಡದಲ್ಲೇ ಮಾಗಲು ಬಿಡಿ. ಬುಡದಲ್ಲಿ ಎಲೆಯ ಒಂದು ಚಿಕ್ಕ ಚೂರು ಸೇರಿಸಿ ಕೊಯ್ದರೆ ಗಾಯವಾಗದೆ ಹೆಚ್ಚು ದಿನ ತಾಳುತ್ತದೆ.

ಇಟಲಿಯ ಸಿಸಿಲಿ ದ್ವೀಪದವರ ಒಂದು ಉಪಾಯ ಇಲ್ಲಿ ಹೇಳಲೇಬೇಕು. ಬೇಸಿಗೆಯ ಮೊದಲಿಗೆ ಬರುವ ಹೂವನ್ನೆಲ್ಲ ಅವರು ಬಡಿದು ಉದುರಿಸಿಬಿಡುತ್ತಾರೆ. ಗಿಡ ಮತ್ತೊಮ್ಮೆ ಹೂ ಬಿಡುತ್ತದೆ. ಆ ಎರಡನೆಯ ಫಸಲು ಶರತ್ಕಾಲದಲ್ಲಿ ಮಾಗಿ, ದಪ್ಪವಾಗಿ, ರಸ ತುಂಬಿ, ಬೀಜ ಕಡಿಮೆಯಾಗಿ ಬರುತ್ತದೆ. ಹೂವು ಕಳೆಯುವ ಧೈರ್ಯಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ.

ಎಲೆ ಹಸನು ಮಾಡಿ ಬೇಯಿಸುವುದು

1. ಎಲೆಯನ್ನು ಮಣೆಯ ಮೇಲೆ ಮಲಗಿಸಿ, ಬುಡವನ್ನು ಇಕ್ಕಳದಿಂದ ಒತ್ತಿ ಹಿಡಿಯಿರಿ. ಹರಿತವಾದ ಚಾಕುವನ್ನು ಹೆಚ್ಚುಕಡಿಮೆ ಅಡ್ಡಡ್ಡ ಹಿಡಿದು, ಬುಡದಿಂದ ತುದಿಗೆ, ಒಂದೊಂದೇ ಮುಳ್ಳಿನ ಗುಬುಟು ಹೆರೆಯಿರಿ. ಸಿಪ್ಪೆ ಪೂರ್ತಿ ಸುಲಿಯಬೇಕಿಲ್ಲ, ಗುಬುಟು ಹೋದರೆ ಸಾಕು.

2. ಅಂಚಿನಲ್ಲಿ ಮುಳ್ಳು ಒತ್ತಾಗಿರುತ್ತದೆ. ಸುತ್ತಲೂ ಅರ್ಧ ಸೆಂಟಿಮೀಟರ್ ಅಗಲ ಕತ್ತರಿಸಿ ತೆಗೆಯಿರಿ. ಬುಡದ ಗಟ್ಟಿ ಭಾಗವೂ ಹೋಗಲಿ.

3. ಹರಿಯುವ ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಮಿನುಗು ಕಂಡ ಕಡೆ ಮತ್ತೆ ಹೆರೆಯಿರಿ.

4. ಬೆರಳಗಲದ ತುಂಡು ಮಾಡಿ.

ಈಗ ಲೋಳೆ. ಎಲೆಯ ಲೋಳೆಯ ಸ್ವಭಾವ ಬೆಂಡೆಕಾಯಿಯದೇ, ಪ್ರಮಾಣ ಮಾತ್ರ ಹೆಚ್ಚು. ಬೆಂಡೆಕಾಯಿ ಪಲ್ಯ ಮಾಡಲು ಬರುವವರು ಇದಕ್ಕೆ ಹೆದರಬೇಕಿಲ್ಲ. ಅರ್ಧ ಕಿಲೋ ತುಂಡನ್ನು ಎಣ್ಣೆ ಹಾಕದೆ ಅಗಲವಾದ ದಪ್ಪ ತಳದ ಬಾಣಲೆಗೆ ಹಾಕಿ, ಒಂದು ಚಮಚ ಉಪ್ಪು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ ಸೇರಿಸಿ ಮುಚ್ಚಳ ಮುಚ್ಚಿ. ಮಧ್ಯಮ ಉರಿಯಲ್ಲಿ ಐದಾರು ನಿಮಿಷಕ್ಕೆ ತುಂಡುಗಳು ತಮ್ಮ ಲೋಳೆಯಲ್ಲೇ ಮುಳುಗುತ್ತವೆ. ಇಲ್ಲಿ ಬಹಳ ಜನ ಹಿಂಜರಿದು ಒಲೆ ಆರಿಸಿಬಿಡುತ್ತಾರೆ, ಆರಿಸಬೇಡಿ. ಮುಚ್ಚಳ ತೆಗೆದು, ಆಗಾಗ ಕೈಯಾಡಿಸುತ್ತ ಹತ್ತು ಹದಿನೈದು ನಿಮಿಷ ಬಿಡಿ. ಲೋಳೆ ಮೊದಲು ಎಳೆ ಎಳೆಯಾಗಿ ಸೌಟಿಗೆ ಅಂಟುತ್ತದೆ, ಆಮೇಲೆ ಗುಳ್ಳೆ ಚಿಕ್ಕದಾಗುತ್ತ ಬಂದು ಇಂಗಿಹೋಗುತ್ತದೆ. ಎಲೆಯ ಉಜ್ವಲ ಹಸಿರು ಮಂಕಾಗಿ ಆಲಿವ್ ಬಣ್ಣಕ್ಕೆ ತಿರುಗಿದರೆ ಬೆಂದಿದೆ. ಕುದಿಯುವ ಉಪ್ಪುನೀರಿನಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ ತಣ್ಣೀರಿನಲ್ಲಿ ತೊಳೆಯುವುದೂ ಒಂದು ಕ್ರಮ. ಬೇಗ ಆಗುತ್ತದೆ, ಆದರೆ ರುಚಿಯೂ ನೀರಿಗೆ ಹೋಗುತ್ತದೆ. ನನ್ನ ಮತ ಬಾಣಲೆಗೇ.

ಬೆಂದ ಎಲೆ ಹಿತವಾದ ಹುಳಿ, ಕಚ್ಚಿದರೆ ತುಸು ಬಿಗಿ. ಮೆಕ್ಸಿಕೊದವರು ಅದಕ್ಕೆ ಹೆಚ್ಚಿದ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಬೆರೆಸಿ, ಮೇಲೆ ಹಸಿ ಚೀಸ್ ಪುಡಿಮಾಡಿ ಉದುರಿಸಿ ಜೋಳದ ರೊಟ್ಟಿಯೊಳಗೆ ಮಡಿಸಿ ತಿನ್ನುತ್ತಾರೆ. ಅವರದು ಮುಸುಕಿನ ಜೋಳ. ಚೀಸ್ ಬದಲು ಪನೀರ್ ಹಾಕಿದರೆ ನಡೆಯುತ್ತದೆ. ಬೆಳಗಿನ ತಿಂಡಿಗೆ ಇದೇ ತುಂಡುಗಳಿಗೆ ಮೊಟ್ಟೆ ಒಡೆದು ಹಾಕಿ ಕಲಕುವುದು ಅಲ್ಲಿ ಮನೆಮನೆಯ ರೂಢಿ.

ನಮ್ಮ ಬಿಳಿಜೋಳದ ರೊಟ್ಟಿಗೆ ಹೊಂದುವಂತೆ ಹೀಗೆ ಮಾಡಿ. ಲೋಳೆ ಇಂಗಿದ ತುಂಡು ಪಕ್ಕಕ್ಕಿಡಿ. ಎರಡು ಚಮಚ ಶೇಂಗಾ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಒಂದು ಈರುಳ್ಳಿ ಹಾಕಿ ಬಾಡಿಸಿ. ಅರಿಸಿನ, ಖಾರದಪುಡಿ ಸೇರಿಸಿ ತುಂಡುಗಳನ್ನು ಹಾಕಿ ಎರಡು ನಿಮಿಷ ಹೊರಳಿಸಿ. ಕೊನೆಗೆ ಎರಡು ಮೂರು ಚಮಚ ಗುರೆಳ್ಳು ಪುಡಿ ಉದುರಿಸಿ ಇಳಿಸಿ. ಉಳಿದ ಲೋಳೆಯ ಅಂಶವನ್ನು ಪುಡಿ ಹೀರಿಕೊಳ್ಳುತ್ತದೆ. ಹುಣಸೆಹಣ್ಣು ಹಾಕಬೇಡಿ, ಹುಳಿ ಎಲೆಯಲ್ಲೇ ಇದೆ.

ಸಮಯವಿಲ್ಲದಾಗ ಎಲೆಯನ್ನು ಇಡಿಯಾಗಿಯೇ ಸುಡಬಹುದು. ತುದಿಯಿಂದ ನಡುವಿನವರೆಗೆ ಬೆರಳುಗಳಂತೆ ಸೀಳಿ, ಎಣ್ಣೆ ಉಪ್ಪು ಸವರಿ, ಚೆನ್ನಾಗಿ ಕಾದ ಹಂಚಿನ ಮೇಲೆ ಎರಡೂ ಕಡೆ ಕಪ್ಪು ಚುಕ್ಕೆ ಬೀಳುವವರೆಗೆ ಬೇಯಿಸಿ, ನಿಂಬೆ ಹಿಂಡಿ.

ಹಣ್ಣು ಸುಲಿಯುವುದು

ಮೊದಲು ಸುಂಕು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ನಿಧಾನವಾಗಿ ತಿರುಗಿಸಿ. ಸುಂಕು ಚಿಟಪಟ ಎಂದು ಕಿಡಿಯಾಗಿ ಉರಿದುಹೋಗುತ್ತದೆ. ನೆತ್ತಿಯ ಕುಳಿಯೊಳಗೂ ಉರಿ ತಾಗಬೇಕು. ಆಮೇಲೆ ನೀರಿನಡಿ ಗಟ್ಟಿ ಬ್ರಷ್‌ನಿಂದ ಉಜ್ಜಿ. ಹಣ್ಣನ್ನು ಫೋರ್ಕ್‌ನಿಂದ ಚುಚ್ಚಿ ಹಿಡಿದು ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಒಂದು ಗೀರು ಹಾಕಿ. ಗೀರು ಸಿಪ್ಪೆಯ ದಪ್ಪದಷ್ಟೇ ಆಳವಿರಲಿ. ಚಾಕುವಿನ ಮೊನೆ ತೂರಿಸಿ ಸಿಪ್ಪೆ ಬಿಚ್ಚಿದರೆ ಒಳಗಿನ ತಿರುಳು ಇಡಿಯಾಗಿ ಉರುಳಿ ಬರುತ್ತದೆ. ಹಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಿಪ್ಪೆಗೇ ಹೋಗುತ್ತದೆ, ಕೊಳ್ಳುವಾಗ ಅದನ್ನು ಲೆಕ್ಕ ಹಿಡಿಯಿರಿ. ಫ್ರಿಜ್‌ನಲ್ಲಿ ತಣಿಸಿ ತಿಂದರೆ ರುಚಿ ಇಮ್ಮಡಿ.

ಬೇಲಿಯ ಚಿಕ್ಕ ಹಣ್ಣನ್ನು ಹೀಗೆ ಸುಲಿಯುತ್ತ ಕೂತರೆ ದಿನ ಸಾಲದು. ಅದಕ್ಕೆ ಬೇರೆ ದಾರಿ: ಸುಟ್ಟು ತೊಳೆದ ಹಣ್ಣುಗಳನ್ನು ಇಡಿಯಾಗಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಜರಡಿಯ ಮೇಲೆ ಎರಡು ಪದರದ ತೆಳು ಬಟ್ಟೆ ಹಾಸಿ, ಕೆಳಗೆ ಪಾತ್ರೆಯಿಟ್ಟು, ಹಣ್ಣುಗಳನ್ನು ಅದರಲ್ಲಿ ಸುರಿದು ಕರಗಲು ಬಿಡಿ. ಹಿಮಗಟ್ಟಿದಾಗ ತಿರುಳಿನ ಕೋಶ ಒಡೆದಿರುತ್ತದೆ, ಆದ್ದರಿಂದ ಸೌಟಿನಿಂದ ಒತ್ತಿದರೆ ರಸ ತಾನೇ ಇಳಿಯುತ್ತದೆ. ಬೀಜ, ಸಿಪ್ಪೆ, ಅಳಿದುಳಿದ ಸುಂಕು ಬಟ್ಟೆಯಲ್ಲೇ ನಿಲ್ಲುತ್ತವೆ. ಆ ಬಟ್ಟೆಯನ್ನು ಕೈಯಿಂದ ಹಿಂಡಬೇಡಿ, ಇನ್ನೊಂದು ಕೆಲಸಕ್ಕೂ ಬಳಸಬೇಡಿ.

ಮಿಕ್ಸಿಗೆ ಹಾಕುವುದಾದರೆ ಸುಲಿದ ತಿರುಳನ್ನು ಒಂದೆರಡು ಸಲ ಬಿಟ್ಟು ಬಿಟ್ಟು ತಿರುಗಿಸಿ ಸೋಸಿ. ಬೀಜ ಅರೆಯುವಷ್ಟು ಓಡಿಸಿದರೆ ರಸ ಮರಳು ಮರಳಾಗುತ್ತದೆ.

ಶರಬತ್ತು, ಜಾಮ್

ದೊಡ್ಡ ಲೋಟ ರಸಕ್ಕೆ ಅರ್ಧ ನಿಂಬೆ, ರುಚಿಗೆ ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ, ತಣ್ಣೀರು. ಶರಬತ್ತಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ಬಿಸಿ ಮಾಡಬೇಡಿ, ಆ ಕೆಂಪು ಬೀಟಾಲೈನ್ ಬಣ್ಣ ಕುದಿದರೆ ಮಂಕಾಗುತ್ತದೆ.

ಜಾಮ್‌ಗೆ ಒಂದು ಮುಖ್ಯ ಸಂಗತಿ ತಿಳಿದಿರಬೇಕು. ಫೈಕಸ್-ಇಂಡಿಕಾ ಹಣ್ಣಿನಲ್ಲಿ ಆಮ್ಲ ತೀರಾ ಕಡಿಮೆ. ಹುಳಿಯಿಲ್ಲದ ಹಣ್ಣು ಬೇಗ ಕೆಡುತ್ತದೆ, ಬಾಟಲಿಯಲ್ಲಿಟ್ಟರೆ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಲೂಬಹುದು. ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಕೂಡ ಸಾಲದು. ಆದ್ದರಿಂದ 1 ಕಿಲೋ ಸೋಸಿದ ತಿರುಳಿಗೆ ಕಾಲು ಕಿಲೋ ಬಲಿತ ಸೀಬೆಹಣ್ಣಿನ ತಿರುಳು, 750 ಗ್ರಾಂ ಸಕ್ಕರೆ, ಮೂರು ದೊಡ್ಡ ನಿಂಬೆಯ ರಸ ಸೇರಿಸಿ ಕೈಬಿಡದೆ ಮಗುಚಿ. ತಣ್ಣನೆ ತಟ್ಟೆಯ ಮೇಲೆ ಹನಿ ಹಾಕಿ ವಾಲಿಸಿದರೆ ಹರಿಯದೆ ನಿಲ್ಲಬೇಕು. ಕುದಿಸಿದ ಶೀಷೆಗೆ ತುಂಬಿ ಫ್ರಿಜ್‌ನಲ್ಲೇ ಇಡಿ, ಒಂದು ತಿಂಗಳೊಳಗೆ ಮುಗಿಸಿ. ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿ ಕಡೆ ರಸವನ್ನೇ ಗಂಟೆಗಟ್ಟಲೆ ಕಾಯಿಸಿ ಪಾಕ ಮಾಡುತ್ತಾರೆ. ಇನ್ನೂ ಕಾಯಿಸಿ, ಚೆನ್ನಾಗಿ ಬಡಿದು, ಗಟ್ಟಿ ಅಚ್ಚು ಹಾಕುತ್ತಾರೆ. ಸಕ್ಕರೆ ಒಂದು ಚೂರೂ ಬೆರೆಸುವುದಿಲ್ಲ.

ಎಷ್ಟು ತಿನ್ನಬೇಕು, ಯಾರು ಎಚ್ಚರವಿರಬೇಕು

100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 94 ಗ್ರಾಂ ನೀರು, 16 ಕ್ಯಾಲೊರಿ, 2 ಗ್ರಾಂಗಿಂತ ತುಸು ಹೆಚ್ಚು ನಾರು, 164 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಅಂಕಿ ದೊಡ್ಡದಾಗಿ ಕಂಡರೂ ಬಹುಪಾಲು ಆಕ್ಸಲೇಟ್ ಜೊತೆ ಕಟ್ಟುಬಿದ್ದಿರುತ್ತದೆ, ದೇಹಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಆಕ್ಸಲೇಟ್ ಕಲ್ಲಿಗೂ ಕಾರಣವಾಗುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಿ. ನೊಪಾಲ್ ಊಟದ ನಂತರದ ಸಕ್ಕರೆ ಏರಿಕೆಯನ್ನು ತಗ್ಗಿಸಬಲ್ಲದು. ಮಾತ್ರೆ ನುಂಗುತ್ತಿರುವ ಮಧುಮೇಹಿಗಳಿಗೆ ಸಕ್ಕರೆ ತೀರಾ ಇಳಿಯಬಹುದು, ಅವರೂ ಕೇಳಿ ಮುಂದುವರಿಯಲಿ.

ಗುಜರಾತಿನಲ್ಲಿ ಕಾಡುಕಳ್ಳಿಯ ಹಣ್ಣಿಗೆ ಫಿಂಡ್ಲಾ ಎನ್ನುತ್ತಾರೆ. ಅದರ ಕೆಂಪು ರಸ ‘ರಕ್ತ ಹೆಚ್ಚಿಸುತ್ತದೆ’ ಎಂದು ಬಾಟಲಿಯಲ್ಲಿ ಮಾರಾಟವಾಗುತ್ತದೆ. ಆ ಕೆಂಪು ಬೀಟ್‌ರೂಟ್‌ನಲ್ಲಿರುವ ಬಗೆಯ ಬಣ್ಣದ್ದು, ಕಬ್ಬಿಣದ್ದಲ್ಲ. ಫೈಕಸ್-ಇಂಡಿಕಾ ಹಣ್ಣಿನ 100 ಗ್ರಾಂನಲ್ಲಿ ಇರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ ಮಾತ್ರ. ರಕ್ತಹೀನತೆ ಇರುವ ತಾಯಂದಿರು, ಮಕ್ಕಳು ಇದನ್ನು ನಂಬಿ ಕಬ್ಬಿಣದ ಮಾತ್ರೆ ಬಿಡಬಾರದು. ಕೆಂಪು ಹಣ್ಣು ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದೇ ಬಣ್ಣ ಹೊರಗೆ ಹೋಗುತ್ತಿರುತ್ತದೆ.

ಬೀಜದ ಮಾತು ಗಂಭೀರವಾದದ್ದು. ಕಲ್ಲಿನಷ್ಟು ಗಟ್ಟಿ, ಅರಗುವುದಿಲ್ಲ. ಒಂದೆರಡು ಹಣ್ಣಿನ ಬೀಜ ನುಂಗಿದರೆ ಏನೂ ಆಗದು. ಒಂದೇ ಕೂತಿಗೆ ಹತ್ತಾರು ಹಣ್ಣು ಬೀಜಸಮೇತ ತಿಂದರೆ ಬೀಜಗಳು ಕರುಳಿನ ತುದಿಯಲ್ಲಿ ಗಡ್ಡೆಕಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ಈ ಹಣ್ಣು ಹೇರಳವಾಗಿ ತಿನ್ನುವ ಮೆಡಿಟರೇನಿಯನ್ ದೇಶಗಳ ವೈದ್ಯರಿಗೆ ಇದು ಪರಿಚಿತ ತೊಂದರೆ. ಮಕ್ಕಳಿಗೂ ವಯಸ್ಸಾದವರಿಗೂ ಸೋಸಿದ ರಸವನ್ನೇ ಕೊಡಿ.

ಮನೆಯ ಹಿಂದೆ ಬೆಳೆಸುವುದಾದರೆ

ಮುಳ್ಳಿಲ್ಲದ ತಳಿಯ ಒಂದು ಬಲಿತ ಎಲೆ ಸಾಕು. ಕೊಯ್ದದ್ದನ್ನು ಕೂಡಲೇ ನೆಡಬೇಡಿ. ಒಂದೆರಡು ವಾರ ನೆರಳಲ್ಲಿ ಒಣಗಿಸಿ, ಗಾಯ ಮಾಯ್ದು ಬೆಣೆಯಂತೆ ಗಟ್ಟಿಯಾದ ಮೇಲೆ, ಮೂರನೇ ಒಂದು ಭಾಗ ಮಣ್ಣಿನಲ್ಲಿ ಹೂತು ನೆಟ್ಟಗೆ ನಿಲ್ಲಿಸಿ. ನೀರು ನಿಲ್ಲದ, ಮರಳು ಬೆರೆತ ಮಣ್ಣು ಬೇಕು, ಪೂರ್ತಿ ಬಿಸಿಲು ಬೇಕು. ಎರೆಮಣ್ಣಾದರೆ ಏರುಮಡಿ ಮಾಡಿಕೊಳ್ಳಿ. ಬೇರು ಬಿಡುವ ಮೊದಲು ನೀರು ಸುರಿದರೆ ಕೊಳೆಯುತ್ತದೆ. ಹೊಸ ಚಿಗುರು ಬಂದ ಮೇಲೆಯೂ ಮೊದಲ ವರ್ಷ ಕೊಯ್ಯದೆ ಬಿಟ್ಟರೆ ಗಿಡ ಗಟ್ಟಿಯಾಗುತ್ತದೆ. ಹಣ್ಣಿಗೆ ಎರಡು ಮೂರು ವರ್ಷ ಕಾಯಬೇಕು.

ಬೇಲಿಯ ಮುಳ್ಳುಕಳ್ಳಿಯನ್ನು ಮಾತ್ರ ತಂದು ಹೊಸದಾಗಿ ನೆಡಬೇಡಿ. ಆಸ್ಟ್ರೇಲಿಯಾದಲ್ಲಿ ಹಾಗೆ ಹಬ್ಬಿದ ಕಳ್ಳಿ ಕೋಟ್ಯಂತರ ಎಕರೆ ನುಂಗಿತ್ತು. 1920ರ ದಶಕದಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗದ ಮೊಟ್ಟೆ ತರಿಸಿ ಬಿಟ್ಟ ಮೇಲೆಯೇ ಅಲ್ಲಿನ ರೈತರು ಉಸಿರಾಡಿದ್ದು. ಹೆರೆದ ಅಂಚು, ಉಳಿದ ತುಂಡುಗಳನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಡುತ್ತವೆ. ಮುಳ್ಳಿನ ಗುಬುಟುಗಳನ್ನು ಸುಟ್ಟುಹಾಕಿ. ಬಲಿತ ಎಲೆ ಮಿಕ್ಕರೆ, ಬರಗಾಲದಲ್ಲಿ ಮಾಡುವಂತೆ ಉರಿಯಲ್ಲಿ ಹಿಡಿದು ಮುಳ್ಳು, ಸುಂಕು ಪೂರ್ತಿ ಸುಟ್ಟು, ಚೂರು ಮಾಡಿ ಒಣಮೇವಿನ ಜೊತೆ ಬೆರೆಸಿ ದನಗಳಿಗೆ ಹಾಕಿ. ಬರೀ ಕಳ್ಳಿಯನ್ನೇ ಹಾಕಿದರೆ ನೀರಿನಂಶ ಹೆಚ್ಚಾಗಿ ಭೇದಿಯಾಗುತ್ತದೆ.